ಬೀಗಕ್ಕೊಂದು ರೇನ್‌ಕೋಟ್

ಕೊಡಗಿನ ನಮ್ಮೂರ ಬಸ್ ಸ್ಟ್ಯಾಂಡಿನ ಶೌಚಾಲಯ ಎರಡನೇ ಸಲ ಉದ್ಘಾಟನೆ ಆದ ಸುದ್ದಿ ನೀವೂ ಓದಿರುತ್ತೀರಿ. ಫೋಟೋದಲ್ಲಿ ಕತ್ತರಿ ಒಂದು, ಅದನ್ನು ಹಿಡಿದ ಕೈ ಹನ್ನೊಂದು. ಮೊದಲ ಸಲ ಕಟ್ಟಿದ್ದಕ್ಕೆ ಉದ್ಘಾಟನೆ, ಈ ಸಲ ದುರಸ್ತಿ ಮಾಡಿದ್ದಕ್ಕೆ. ನಡುವೆ ಅದರೊಳಗೆ ಒಬ್ಬನೂ ಕಾಲಿಟ್ಟಿಲ್ಲ. ಯಾರೂ ಬಳಸದೆಯೇ ಸವೆದು ಹೋಗುವ ಕಟ್ಟಡ ಕಟ್ಟೋದು ಸಾಮಾನ್ಯ ಕೆಲಸವಲ್ಲ, ಕಂಟ್ರಾಕ್ಟರರಿಗೆ ಕೈ ಮುಗಿಯಬೇಕು.

ಮಾರನೇ ದಿನ ನಾನೂ ಹೋದೆ. ಕುತೂಹಲಕ್ಕಲ್ಲ, ಅವಸರಕ್ಕೆ. ನನಗೀಗ 62. ಬಸ್ಸಿಳಿದ ಕೂಡಲೇ ಮೊದಲು ಹುಡುಕೋದು ನೆಂಟರನ್ನಲ್ಲ, ಒಂದಕ್ಕೆ ಹೋಗುವ ಜಾಗವನ್ನು. ಬಾಗಿಲಿಗೆ ಬೀಗ. ಬೀಗಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಮೇಲೊಂದು ರಬ್ಬರ್ ಬ್ಯಾಂಡ್. ನಮ್ಮ ಮಳೆಗೆ ತುಕ್ಕು ಹಿಡಿಯಬಾರದಲ್ವಾ? ಚಿಲಕದಲ್ಲಿ ಕೆಂಪು ರಿಬ್ಬನ್ನಿನ ತುಂಡು ಇನ್ನೂ ನೇತಾಡುತ್ತಿತ್ತು. ಪಕ್ಕದಲ್ಲಿ ಕ್ಯೂಆರ್ ಕೋಡ್, ಐದು ರೂಪಾಯಿ ಫೋನಿನಲ್ಲೇ ಕಟ್ಟಬೇಕಂತೆ. ನೆಟ್‌ವರ್ಕ್ ಸಿಗಬೇಕಾದರೆ ಬೆಟ್ಟ ಹತ್ತಬೇಕಾದ ಊರಿದು. ಫೋನಿನಲ್ಲಿ ಆ ಚಕ್ರ ತಿರುಗುತ್ತಲೇ ಇರುವಾಗ ಕಾಲಿಗೆ ಕಾಲು ಹೆಣೆದು ನಿಂತ ಮುದುಕನನ್ನು ಸುಮ್ನೆ ಕಲ್ಪಿಸಿಕೊಳ್ಳಿ.

ಕೀ ಯಾರ ಹತ್ತಿರ? ಬೀಡಾ ಅಂಗಡಿಯವನು ಬಸ್ ಏಜೆಂಟನ ಕಡೆ ಕೈ ತೋರಿಸಿದ. ಏಜೆಂಟ್, "ಟೆಂಡರ್ ತಗೊಂಡವರ ಹತ್ರ" ಅಂದ. ಟೆಂಡರ್ ಯಾರಿಗಾಗಿದೆ? "ಇನ್ನೂ ಆಗಿಲ್ಲ." ಆಮೇಲೆ ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. "ಹಿಂದ್ಗಡೆ ಇಷ್ಟು ಉದ್ದ ಗೋಡೆ ಇದ್ಯಲ್ಲಾ ಮಾವ, ಯಾಕೆ ಟೆನ್ಷನ್?"

ಗೋಡೆ ಇದೆ, ನಿಜ. ಅದರ ಮೇಲೆ ಎಲ್ಲಾ ಧರ್ಮದ ದೇವರ ಟೈಲ್ಸ್ ಸಾಲಾಗಿ ಅಂಟಿಸಿದ್ದಾರೆ. ಜನಕ್ಕೂ ಭಕ್ತಿ ಇದೆ, ಕೊನೆಯ ಟೈಲ್ಸಿನಿಂದ ಎರಡಡಿ ಸರಿದು ನಿಲ್ಲುತ್ತಾರೆ. ಸರಿದು ನಿಂತಾಗ ಸರಿಯಾಗಿ ಮೂಗಿನ ಎದುರಿಗೇ ಬರುತ್ತದೆ ಹಳದಿ ಕಾಗದದ ಪೋಸ್ಟರ್. 'ಕಿಡ್ನಿ ಕಲ್ಲು, ಪ್ರಾಸ್ಟೇಟ್, ಉರಿಮೂತ್ರ, ಬೀಜ ಬಾವು, ಗುಪ್ತರೋಗ, ಗ್ಯಾರಂಟಿ ಗುಣ. ಪ್ರತಿ ಭಾನುವಾರ ಲಾಡ್ಜಿನಲ್ಲಿ ಸಿಗುತ್ತಾರೆ.' ರೋಗಿ ಎಲ್ಲಿ ನಿಲ್ಲುತ್ತಾನೆ, ಯಾವ ಎತ್ತರಕ್ಕೆ ನೋಡುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ, ಎಲ್ಲಾ ಲೆಕ್ಕ ಹಾಕಿ ಅಂಟಿಸಿದ್ದಾರೆ. ಪ್ರಾಸ್ಟೇಟ್ ಊದಿ ಮೂತ್ರ ನಿಧಾನವಾದವನು ಇಡೀ ಪೋಸ್ಟರನ್ನು ಎರಡು ಸಲ ಓದಿ ಮುಗಿಸಬಹುದು.

ಇಂಥ ಜಾಹೀರಾತು ಹಾಕಬಾರದು ಅಂತ ಒಂದು ಕಾಯ್ದೆ ಇದೆ, 1954ರದ್ದು. ಯಾವ ಯಾವ ರೋಗಕ್ಕೆ ಮದ್ದು ಕೊಡುತ್ತೇನೆ ಅಂತ ಸಾರಬಾರದು ಅನ್ನೋದಕ್ಕೆ ಅದರಲ್ಲಿ 54 ಹೆಸರಿನ ಪಟ್ಟಿ. ಪ್ರಾಸ್ಟೇಟ್ ಇದೆ, ಕಿಡ್ನಿ ಕಲ್ಲಿದೆ, ಬೀಜದ ಸುತ್ತ ನೀರು ತುಂಬುವ ಹೈಡ್ರೋಸೀಲ್ ಇದೆ, ಗುಪ್ತರೋಗವೂ ಇದೆ. ಆ ಪಟ್ಟಿಯನ್ನೂ ಈ ಹಳದಿ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಯ್ದೆಯನ್ನು ಇಷ್ಟು ಶ್ರದ್ಧೆಯಿಂದ ಓದಿಕೊಂಡವನು ಇಡೀ ಜಿಲ್ಲೆಯಲ್ಲಿ ಈ ಲಾಡ್ಜ್ ಡಾಕ್ಟರ್ ಒಬ್ಬನೇ ಇರಬೇಕು.

ನಮ್ಮ ಸುಬೇದಾರ್ ಮಾವನಿಗೆ ಕಲ್ಲಾಗಿತ್ತು. ಅತ್ತೆ ಹುರುಳಿ ಕಟ್ಟು ಕುಡಿಸಿದರು, ಪಕ್ಕದ ಮನೆಯವರು ಬಾಳೆದಿಂಡಿನ ರಸ ಕೊಟ್ಟರು, ಲಾಡ್ಜಿನವನು ಪುಡಿ ಕೊಟ್ಟ, ಮಾವ ತಾವಾಗಿಯೇ ಬಿಯರ್ ತಗೊಂಡರು. ಕಲ್ಲು ಬಿತ್ತು. ಅವತ್ತಿನಿಂದ ಆ ಕಲ್ಲಿಗೆ ನಾಲ್ಕು ಜನ ವಾರಸುದಾರರು. ಸ್ಕ್ಯಾನಿಂಗ್ ಚೀಟಿಯಲ್ಲಿ 4 ಮಿಲಿಮೀಟರ್ ಅಂತಿತ್ತು. 5ಕ್ಕಿಂತ ಕಡಿಮೆ ಇರುವ ಕಲ್ಲು ಹೆಚ್ಚಾಗಿ ತಾನಾಗಿಯೇ ಬೀಳುತ್ತದೆ. ಹಾಗಂತ ಹೇಳಲು ಹೋದರೆ ನಾಲ್ವರೂ ನನ್ನ ಮೇಲೆ ಬೀಳುತ್ತಾರೆ.

ಡಾಕ್ಟರು ಹೇಳಿದ್ದು ಒಂದೇ ಮಾತು. ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಸರಿ, ಕುಡಿಯೋಣ. ಹೋಗೋದೆಲ್ಲಿಗೆ? ಗಂಡಸರಿಗೆ ಗೋಡೆಯಾದರೂ ಇದೆ. ಕಾಫಿ ಕುಯ್ಯುವ ಹೆಂಗಸರು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಮುಟ್ಟೋದಿಲ್ಲ, ಕುಡಿದರೆ ಎದ್ದು ಹೋಗಬೇಕಲ್ಲ ಅಂತ. ಉರಿಮೂತ್ರ ಮೊದಲೇ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಅವರಿಗೆ ಪೋಸ್ಟರ್ ಕೂಡ ಇಲ್ಲ.

ನನ್ನದು ಪ್ರಾಸ್ಟೇಟ್. ಮೂತ್ರಚೀಲದ ಕೆಳಗೆ ದೊಡ್ಡ ನೆಲ್ಲಿಕಾಯಿಯಷ್ಟು ಇರುವ ಗ್ರಂಥಿ, ಮೂತ್ರದ ನಳಿಗೆ ಅದರ ನಡುವಿನಿಂದಲೇ ಹಾದುಹೋಗುತ್ತದೆ. ವಯಸ್ಸಾದಂತೆ ನೆಲ್ಲಿಕಾಯಿ ಊದುತ್ತದೆ, ದಾರಿ ಕಿರಿದಾಗುತ್ತದೆ. ಐವತ್ತು ದಾಟಿದ ಗಂಡಸರಲ್ಲಿ ಸುಮಾರು ಅರ್ಧ ಜನರಿಗೆ ಇದು ಶುರುವಾಗಿರುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೂ ಡಾಕ್ಟರು ಪರೀಕ್ಷೆ ಮಾಡಿಯೇ ಹಾಗಂತ ಹೇಳಬೇಕು, ಗೋಡೆಯಲ್ಲ. ನಾನು ಎರಡು ವರ್ಷ ಯಾರಿಗೂ ಹೇಳದೆ ಕೂತಿದ್ದೆ. ಹುಲಿ ಬಂದರೂ ಬೆನ್ನು ತೋರಿಸದ ವಂಶ ಅಂತ ಮದುವೆಮನೆಯಲ್ಲಿ ಕೊಚ್ಚಿಕೊಳ್ಳುವವನು! ರಾತ್ರಿ ಎಷ್ಟು ಸಲ ಏಳ್ತೀರಿ ಅಂತ ಡಾಕ್ಟರು ಕೇಳಿದಾಗ, ಒಂದೆರಡು ಸಲ ಅಂದೆ. "ಐದು," ಅಂದಳು ಪಕ್ಕದಲ್ಲಿ ಕೂತವಳು. ಒಂದು ಮಾತ್ರೆ ಬರೆದರು. ಈಗ ಎರಡಕ್ಕೆ ಇಳಿದಿದೆ.

ಇಲ್ಲಿವರೆಗೆ ನಗಬಹುದು.

ಪಕ್ಕದ ತೋಟದ ಲೈನ್‌ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಹುಡುಗ, 15 ವರ್ಷ. ಒಂದು ರಾತ್ರಿ ಹೊಟ್ಟೆ ನೋವು ಅಂದ. ನೋವು ಹೊಟ್ಟೆಯಲ್ಲಿರಲಿಲ್ಲ. ಎಲ್ಲಿ ಅಂತ ಅಮ್ಮನ ಹತ್ತಿರ ಹೇಳಲು ನಾಚಿಕೆ, ಅಪ್ಪನ ಹತ್ತಿರ ಹೆದರಿಕೆ. ಗ್ಯಾಸ್ ಇರಬೇಕು ಅಂತ ಓಮದ ನೀರು ಕೊಟ್ಟು ಮಲಗಿಸಿದರು. ಬೆಳಗ್ಗೆ ಆಸ್ಪತ್ರೆಗೆ ಹೋದರೆ ಇಲ್ಲಿ ಆಗಲ್ಲ ಅಂದರು. ಮೈಸೂರಿಗೆ ಹತ್ತಿರ ಹತ್ತಿರ 120 ಕಿಲೋಮೀಟರ್. ಬೀಜ ತಿರುಚಿಕೊಂಡು ರಕ್ತ ನಿಂತುಹೋಗಿತ್ತು. ಆರು ಗಂಟೆಯೊಳಗೆ ಆಪರೇಷನ್ ಮಾಡಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಇವನದು ಉಳಿಯಲಿಲ್ಲ, ತೆಗೆದುಹಾಕಿದರು. ಕೊಡಗಿಗೆ ಒಂದು ತುರ್ತು ಆಸ್ಪತ್ರೆ ಬೇಕು ಅಂತ 2019ರಲ್ಲಿ ಫೇಸ್‌ಬುಕ್ಕು, ಟ್ವಿಟರ್ ತುಂಬಾ ಕೂಗಿದವರಲ್ಲಿ ನಾನೂ ಒಬ್ಬ. ಆ ಹುಡುಗ ಆಗ ಪ್ರೈಮರಿ ಸ್ಕೂಲಿನಲ್ಲಿದ್ದ. ಕೂಗಿ ಕೂಗಿ ಗಂಟಲು ಹೋಯಿತು. ಸಾಕಾಗಿದೆ. ಅವನ ಶಾಲೆಯಲ್ಲಿ ಸಂತಾನೋತ್ಪತ್ತಿ ಅಂಗಗಳ ಪಾಠ ಬಂದ ದಿನ ಮೇಷ್ಟ್ರು 'ಮನೆಯಲ್ಲಿ ಓದಿಕೊಳ್ಳಿ' ಅಂದಿದ್ದರಂತೆ. ಮನೆಯಲ್ಲಿ ಯಾರು ಓದಿಸುತ್ತಾರೆ? ಗೋಡೆ ತಾನೇ?

ನಿನ್ನೆ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಟೆಂಡರ್ ಇನ್ನೂ ಆಗಿಲ್ಲ. ಬೀಗದ ಹಳೇ ಪ್ಲಾಸ್ಟಿಕ್ ಹರಿದಿತ್ತು, ಯಾರೋ ಹೊಸದು ಕಟ್ಟಿದ್ದಾರೆ. ಈ ಸಲ ದಪ್ಪದ್ದು.