ಸತ್ತುಹೋಗಿದ್ದ ಸಲ್ಯೂತ್-7ಕ್ಕೆ ಜೀವ ಕೊಟ್ಟವರು

ಬಾಹ್ಯಾಕಾಶ ನಿಲ್ದಾಣದ ಮಾತು ಬಂದರೆ ಯಾರು ಮೊದಲು ಹೋದರು, ಎಷ್ಟು ದಿನ ಇದ್ದರು ಅನ್ನೋದಷ್ಟೇ ನಮಗೆ ಮುಖ್ಯ. ಕೆಟ್ಟು ಕೂತದ್ದನ್ನು ಅಲ್ಲಿಗೇ ಹೋಗಿ ರಿಪೇರಿ ಮಾಡಿದವರ ಸುದ್ದಿ ಯಾರೂ ಎತ್ತುವುದಿಲ್ಲ. ನನಗಂತೂ ಆ ಕಾಲದ ದೊಡ್ಡ ಸಾಹಸ ಅದೇ.

ಶುರುವಿನಿಂದಲೂ ಇದು ಜೀವ ಪಣಕ್ಕಿಟ್ಟು ಮಾಡುವ ಕೆಲಸ. 1971ರಲ್ಲಿ ಜಗತ್ತಿನ ಮೊದಲ ನಿಲ್ದಾಣ, ಸೋವಿಯತ್ ಒಕ್ಕೂಟದ ಸಲ್ಯೂತ್-1ರಲ್ಲಿ ಮೂರು ವಾರ ಇದ್ದು ಹೊರಟ ದೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಭೂಮಿಗೆ ಜೀವಂತ ಬರಲಿಲ್ಲ. ಒಂದು ವಾಲ್ವ್ ಹೊತ್ತಿಗೆ ಮುಂಚೆ ತೆರೆದುಕೊಂಡು ನೌಕೆಯ ಗಾಳಿಯೆಲ್ಲ ಹೊರಗೆ ಹೋಯಿತು. ಮೂವರೂ ಸ್ಪೇಸ್‌ಸೂಟ್ ಹಾಕಿಕೊಂಡು ಕೂರುವಷ್ಟು ಜಾಗವೇ ಅದರಲ್ಲಿ ಇರಲಿಲ್ಲ. 1973ರಲ್ಲಿ ಅಮೆರಿಕದ ನಿಲ್ದಾಣ ಸ್ಕೈಲ್ಯಾಬ್‌ನ ಬಿಸಿಲು ತಡೆಯುವ ಕವಚ ಹಾರುವಾಗಲೇ ಕಿತ್ತುಹೋಯಿತು, ಗಗನಯಾತ್ರಿ ಕಾನ್ರಾಡ್ ತಂಡ ಹೋಗಿ ನೆರಳಿಗೆ ಹೊದಿಕೆ ಬಿಚ್ಚಿ ಅದನ್ನು ಉಳಿಸಿಕೊಂಡಿತು.

ಆದರೆ ನಾನು ಹೇಳಬೇಕಂದದ್ದು ಸೋವಿಯತ್‌ನ ಇನ್ನೊಂದು ನಿಲ್ದಾಣ ಸಲ್ಯೂತ್-7ರ ವಿಷಯ. 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಉಳಿದದ್ದು ಇಲ್ಲೇ, ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ತಯಾರಿಸಿದ ತಿನಿಸು ಹೋದದ್ದೂ ಇಲ್ಲಿಗೇ. ಅದು ಗೊತ್ತಿರುವವರು ಬೇಕಾದಷ್ಟು ಜನ. ಮುಂದಿನ ವರ್ಷ ಫೆಬ್ರವರಿಯಲ್ಲಿ, ಒಳಗೆ ಯಾರೂ ಇಲ್ಲದ ಹೊತ್ತಲ್ಲಿ, ಅದೇ ನಿಲ್ದಾಣ ಪೂರ್ತಿ ಸತ್ತುಹೋಯಿತು ಅಂತ ಎಷ್ಟು ಜನಕ್ಕೆ ಗೊತ್ತು?

ಕರೆದರೆ ಉತ್ತರವಿಲ್ಲ, ಕರೆಂಟೇ ಇಲ್ಲ. ಜೂನ್‌ನಲ್ಲಿ ಸೋವಿಯತ್ ಗಗನಯಾತ್ರಿಗಳಾದ ಜಾನಿಬೆಕೋವ್ ಮತ್ತು ಸವಿನಿಖ್ ಅದನ್ನು ಸರಿಮಾಡಲು ಹೊರಟರು. ನಿಲ್ದಾಣದಿಂದ ಯಾವ ಸಿಗ್ನಲ್ಲೂ ಬರದಿದ್ದರಿಂದ ಜಾನಿಬೆಕೋವ್ ಕಣ್ಣಳತೆಯಲ್ಲಿ, ಕೈಯಲ್ಲೇ ನೌಕೆ ನಡೆಸಿ ಅದಕ್ಕೆ ಜೋಡಿಸಿದರು. ಒಳಗೆ ಕತ್ತಲೆ, ಗೋಡೆ ಮೇಲೆ ಹಿಮ, ಡಬ್ಬಿಯಲ್ಲಿದ್ದ ನೀರು ಗಟ್ಟಿ. ಫ್ಯಾನ್ ಓಡದ ಕಾರಣ ಬಿಟ್ಟ ಉಸಿರು ಮುಖದ ಸುತ್ತಲೇ ನಿಲ್ಲುತ್ತಿತ್ತು, ಹಾಗಾಗಿ ಜಾಸ್ತಿ ಹೊತ್ತು ಒಂದೇ ಕಡೆ ಇದ್ದು ಕೆಲಸ ಮಾಡುವುದೂ ಅಪಾಯ. ಉಣ್ಣೆ ಟೋಪಿ, ದಪ್ಪ ಕೋಟು ಹಾಕಿಕೊಂಡು, ವೈರ್ ಹೆಣೆಯುವಾಗ ಮಾತ್ರ ಕೈಗವಸು ತೆಗೆದು, ಆ ಚಳಿಯಲ್ಲಿ ಬರಿಗೈಯಿಂದ ಬ್ಯಾಟರಿಗಳನ್ನು ನೇರ ಸೌರಫಲಕಗಳಿಗೆ ಜೋಡಿಸಿದರು. ಫಲಕ ಬಿಸಿಲಿಗೆ ತಿರುಗಬೇಕಲ್ಲ, ಅದಕ್ಕೆ ತಮ್ಮ ನೌಕೆ ಸೊಯುಜ್‌ನ ಎಂಜಿನ್ ಓಡಿಸಿ ಇಡೀ ನಿಲ್ದಾಣವನ್ನೇ ತಿರುಗಿಸಿದರು. ಬ್ಯಾಟರಿ ತುಂಬಿದೆ ಅಂತ ಒಂದು ಸೆನ್ಸರ್ ತಪ್ಪು ಹೇಳಿ ಚಾರ್ಜಿಂಗ್ ನಿಲ್ಲಿಸಿಬಿಟ್ಟಿತ್ತು, ಇಷ್ಟೆಲ್ಲ ಆಗಿದ್ದು ಅದರಿಂದ.

ಚಂದ್ರನ ಮೇಲೆ ಕಾಲಿಟ್ಟವರನ್ನು ಹೊಗಳಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಮಕ್ಕಳ ಕ್ವಿಜ್‌ಗಳಲ್ಲಿ ಈ ಇಬ್ಬರ ಹೆಸರು ಒಂದು ಸಲವಾದರೂ ಬರಬೇಕು ಅಲ್ವಾ?

ಅವರು ಉಳಿಸಿಕೊಟ್ಟ ಸಲ್ಯೂತ್-7ರಲ್ಲಿ ಮತ್ತೆ ಜನ ಬಂದು ಇದ್ದರು. 1986ರಲ್ಲಿ ಕಿಝಿಮ್ ಮತ್ತು ಸೊಲೊವ್ಯೊವ್ ಹೊಸ ಮಿರ್ ನಿಲ್ದಾಣದಿಂದ ಇಲ್ಲಿಗೆ ಬಂದರು, ಕೆಲಸ ಮುಗಿಸಿ ಇಲ್ಲಿದ್ದ ಉಪಕರಣಗಳನ್ನು ಹೊತ್ತುಕೊಂಡು ಮಿರ್‌ಗೇ ವಾಪಸ್ ಹೋದರು. ಮನುಷ್ಯರು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಿ ಬಂದದ್ದು ಅದೇ ಮೊದಲು.