‘ನೋಡುವ’ ಅಂದರೆ ಯಾವತ್ತು?

“ಈ ಕೆಲಸ ಶುಕ್ರವಾರಕ್ಕೆ ಮುಗಿಯುತ್ತದಾ?” ಎಂದು ಬೆಂಗಳೂರಿನಲ್ಲಿ ಕೇಳಿದರೆ “ಮಾಡ್ತೀವಿ ಬಿಡಿ ಸಾರ್” ಎಂಬ ಉತ್ತರ ತಯಾರಿರುತ್ತಿತ್ತು. ಶುಕ್ರವಾರ ಮುಗಿಯುತ್ತಿರಲಿಲ್ಲ, ಅದು ಬೇರೆ ಮಾತು. ಅದೇ ಪ್ರಶ್ನೆಯನ್ನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಬಾಡಿಗೆ ಮಾಳಿಗೆಯಲ್ಲಿ ಕೇಳಿದರೆ ಕನ್ನಡದ ಹುಡುಗಿ “ನೋಡುವ” ಅನ್ನುತ್ತಾಳೆ, ಕಾಞಂಗಾಡಿನ ಮಲಯಾಳಿ “ನೋಕ್ಕಾಂ” ಅನ್ನುತ್ತಾನೆ, ತುಳು ಮನೆಮಾತಿನವನು “ತೂಕ” ಎಂದು ಮಾನಿಟರಿನತ್ತ ತಿರುಗುತ್ತಾನೆ. ಮೂರು ಭಾಷೆ, ಅರ್ಥ ಒಂದೇ: ಆಗುವುದಿಲ್ಲ, ಆದರೆ ನಿಮ್ಮ ಮುಖ ನೋಡಿ ಹೇಳುವುದು ಹೇಗೆ?

ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ತಂಡ ನಡೆಸಿ ಊರಿಗೆ ಬಂದವನು ನಾನು. ಈಗ ಐದು ಜನ ಸೇರಿ ಅಡಿಕೆ ತೋಟದ ಲೆಕ್ಕ ಇಡುವ ಒಂದು ಆ್ಯಪ್ ಮಾಡಿದ್ದೇವೆ. ಈ ‘ನೋಡುವ’ದ ಅರ್ಥ ಹಿಡಿಯಲು ನನಗೆ ಆರು ತಿಂಗಳು ಬೇಕಾಯಿತು. ಅಲ್ಲಿ ಸುಳ್ಳು ‘ಹೌದು’ ಎಂಬ ರೂಪದಲ್ಲಿ ಬರುತ್ತದೆ, ಇಲ್ಲಿ ಸತ್ಯ ‘ನೋಡುವ’ ಎಂಬ ರೂಪದಲ್ಲಿ. ತಂಡ ನಡೆಸುವವನಿಗೆ ಎರಡನೆಯದೇ ಮೇಲು, ಕಿವಿ ಸರಿಯಿದ್ದರೆ. ಈಗ ಯಾರಾದರೂ ‘ನೋಡುವ’ ಅಂದ ಕೂಡಲೆ “ಯಾವತ್ತು?” ಎಂದು ಕೇಳುತ್ತೇನೆ. ಕೇಳಿ ಸುಮ್ಮನೆ ಕೂರುತ್ತೇನೆ. ಎರಡು ನಿಮಿಷದಲ್ಲಿ ನಿಜವಾದ ತೊಂದರೆ ಹೊರಗೆ ಬೀಳುತ್ತದೆ. ಅದನ್ನು ಆಗಲೇ ಬರೆದಿಡುತ್ತೇನೆ. ಬರೆದಿಡುವ ಈ ಚಾಳಿ ಮಾತ್ರ ಬೆಂಗಳೂರಿನದು, ಅದನ್ನು ಬಿಡಲು ನಾನು ತಯಾರಿಲ್ಲ. ನಮ್ಮ ಕಡೆ ಎಲ್ಲವೂ ಬಾಯಿಮಾತು. ಯಾರು ಏನನ್ನು ಒಪ್ಪಿಕೊಂಡಿದ್ದರು ಎಂಬುದು ತಿಂಗಳು ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಬಿಡಬೇಕಾದದ್ದು ಅಲ್ಲಿಯ ತಾರೀಖಿನ ಹುಚ್ಚು. ಅಲ್ಲಿ ಬಿಡುಗಡೆಯ ದಿನ ಮೊದಲು ನಿಶ್ಚಯವಾಗುತ್ತದೆ, ಏನನ್ನು ಬಿಡುಗಡೆ ಮಾಡುವುದೆಂದು ಆಮೇಲೆ. ಮೊದಲ ವರ್ಷ ನಾನೂ ಹಾಗೇ ಮಾಡಿದೆ. ನವೆಂಬರ್ 1, ರಾಜ್ಯೋತ್ಸವ, ಒಳ್ಳೆಯ ದಿನ ಎಂದು ಫ್ಲೆಕ್ಸ್ ಹಾಕಿಸಿ, ಪಾಯಸ ಹಂಚಿ ಆ್ಯಪ್ ಬಿಟ್ಟೆವು. ಅದರ ಮುಖ್ಯ ಕೆಲಸ ಕೊಳೆರೋಗಕ್ಕೆ ಮದ್ದು ಬಿಡುವ ಲೆಕ್ಕ ಹೇಳುವುದು. ಮೊದಲ ಸಲದ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು, ಎರಡನೆಯದು ಅದಾಗಿ ನಲವತ್ತು ನಲವತ್ತೈದು ದಿನಕ್ಕೆ. ನವೆಂಬರಿನಲ್ಲಿ ಯಾರಿಗೆ ಬೇಕು ಅದು? ಪಾಯಸ ಮಾತ್ರ ಚೆನ್ನಾಗಿತ್ತು.

ಮರುವರ್ಷ ಪತ್ತನಾಜೆಯನ್ನೇ ಗಡುವು ಮಾಡಿಕೊಂಡೆವು. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ, ಅಂದರೆ ಮೇ 24-25ರ ಆಸುಪಾಸು. ಆಟ ನಿಂತಿತೆಂದರೆ ಮಳೆ ಬಂತು ಎಂದೇ ಇಲ್ಲಿಯ ಲೆಕ್ಕ. ಈ ಗಡುವನ್ನು ತಂಡಕ್ಕೆ ವಿವರಿಸಬೇಕಾಗಲೇ ಇಲ್ಲ. ಮಳೆಯ ಹತ್ತಿರ “ಇನ್ನೊಂದು ವಾರ ಕೊಡಿ” ಎಂದು ಕೇಳಲಾಗುವುದಿಲ್ಲವಲ್ಲ. ಅಡಿಕೆ ಮಾರಾಟದ ಲೆಕ್ಕ, ಆಳುಗಳ ಮಜೂರಿ, ಚೆಂದದ ಗ್ರಾಫುಗಳು ಎಲ್ಲವನ್ನೂ ನಾವಾಗಿಯೇ ಕಿತ್ತು ಬದಿಗಿಟ್ಟೆವು.

ಪ್ಲೇ ಸ್ಟೋರಿನಲ್ಲಿ ವೈಯಕ್ತಿಕ ಖಾತೆ ಹೊಸದಾಗಿ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನಲ್ಲಾದರೆ ಆಫೀಸಿನ ಗೆಳೆಯರ ಫೋನಿಗೆ ಹಾಕಿಸಿ ಮುಗಿಸುತ್ತಿದ್ದೆ. ಇಲ್ಲಿ ನಮ್ಮ ವಾರ್ಡಿನ ಹನ್ನೆರಡು ಮನೆ ಹತ್ತಿ ಇಳಿದೆ. ಮೂರನೇ ದಿನ ಬೆಳಿಗ್ಗೆ ನೆರೆಮನೆಯ ಮಾವ ಗೇಟಿನ ಹತ್ತಿರವೇ ನಿಂತು ಕೇಳಿದರು, “ಇದೆಂಥದು ಮಾರಾಯ, ನನ್ನ ತೋಟ ನಿನ್ನ ಫೋನಿನಲ್ಲಿ ಇಷ್ಟು ದೊಡ್ಡದಾದದ್ದು ಹೇಗೆ?”

ಅವರದ್ದು 65 ಸೆಂಟ್ಸ್ ಜಾಗ. ಆ್ಯಪಿನ ವಿನ್ಯಾಸ ಮಾಡಿದ ಬೆಂಗಳೂರಿನ ಗೆಳೆಯ ಎಕರೆ, ಗುಂಟೆ ಎಂದು ಹಾಕಿದ್ದ. ಮಾವ ಗುಂಟೆಯ ಚೌಕದಲ್ಲಿ 65 ಎಂದು ಒತ್ತಿದರು. ಎಕರೆಗೆ ನೂರು ಸೆಂಟ್ಸ್, ನಲವತ್ತು ಗುಂಟೆ. ಅವರ ತೋಟ ಕೂತಲ್ಲಿಗೇ ಎರಡೂವರೆ ಪಾಲು ಬೆಳೆದಿತ್ತು, ಮದ್ದಿಗೆ ಬೇಕಾಗುವ ಮೈಲುತುತ್ತೂ ಅಷ್ಟೇ ಪಾಲು. ಇಷ್ಟು ಸಾಲದೆಂದು ಆ್ಯಪ್ ತೆರೆದುಕೊಂಡದ್ದು ಮಲಯಾಳದಲ್ಲಿ. 671ರಿಂದ ಶುರುವಾಗುವ ಪಿನ್‌ಕೋಡ್ ಅಂದರೆ ಕೇರಳ, ಕೇರಳ ಅಂದರೆ ಮಲಯಾಳ! 1956ರಲ್ಲಿ ರಾಜ್ಯದ ಗೆರೆ ಎಳೆದವರು ಮಾಡಿದ್ದನ್ನೇ ನನ್ನ ಗೆಳೆಯ ಒಂದು ಸಾಲು ಕೋಡಿನಲ್ಲಿ ಮಾಡಿದ್ದ. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಅವನ ಗೋಡೆಯ ಮೇಲೆ ‘ರೈತ ಬಳಕೆದಾರ’ ಎಂಬ ಚಿತ್ರವಿತ್ತು, ಆ ಚಿತ್ರ ಅವನ ಗೇಟಿಗೆ ಬಂದು ಜಗಳ ಮಾಡುತ್ತಿರಲಿಲ್ಲ.

ಅವತ್ತೇ ತಂಡದವರನ್ನೆಲ್ಲ ಮಾವನ ಅಂಗಳಕ್ಕೆ ಕರೆದುಕೊಂಡು ಹೋದೆ. ಕೊಳೆರೋಗದ ಮದ್ದು, ಬೋರ್ಡೋ ದ್ರಾವಣ ತಯಾರಾಗುತ್ತಿತ್ತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕದಡಿದ ಮೇಲೆ ಮಾವ ಹರಿತದ ಕತ್ತಿಯೊಂದನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು ಎತ್ತಿ ತೋರಿಸಿದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತಿತ್ತು. “ತಾಮ್ರ ಹಿಡಿದಿದೆ, ಸುಣ್ಣ ಸಾಲದು. ಹೀಗೇ ಬಿಟ್ಟರೆ ಅಡಿಕೆ ಗೊನೆಯೇ ಸುಟ್ಟುಹೋಗುತ್ತದೆ. ಮರ ಹತ್ತಿದ ಮೇಲೆ ಗೊತ್ತಾದರೆ ಎಂಥ ಮಾಡುವುದು?” ಎಂದು ಇನ್ನಷ್ಟು ಸುಣ್ಣದ ತಿಳಿ ಹಾಕಿದರು. ಮತ್ತೆ ಅದ್ದಿದರು. ಅಲಗು ಬೆಳ್ಳಗೇ ಬಂತು.

ಟೆಸ್ಟಿಂಗ್ ಬಗ್ಗೆ ಒಂಬತ್ತು ವರ್ಷ ನಾನು ತೋರಿಸಿದ ಸ್ಲೈಡುಗಳು ಮಾಡದ ಕೆಲಸವನ್ನು ಆ ಕತ್ತಿ ಮಾಡಿತು. ಈಗ ನಮ್ಮಲ್ಲಿ ಯಾರಾದರೂ ಕೋಡ್ ಮುಗಿಯಿತು ಅಂದರೆ ಉಳಿದವರು ಕೇಳುವುದು “ಕತ್ತಿ ಅದ್ದಿದೆಯಾ?” ಎಂದೇ. ಆಮೇಲಿನ ಹೊಸ ಆವೃತ್ತಿಗಳನ್ನೂ ಹಾಗೇ ಬಿಟ್ಟೆವು: ಮೊದಲು ನೂರರಲ್ಲಿ ಐದು ಫೋನಿಗೆ, ಮೂರು ದಿನ ಕಾದು ಇಪ್ಪತ್ತಕ್ಕೆ, ಆಮೇಲೆ ಎಲ್ಲರಿಗೆ. ನಡುವೆ ತಪ್ಪು ಕಂಡರೆ ಹಂಚಿಕೆ ನಿಲ್ಲಿಸಬಹುದು, ಆದರೆ ಆಗಲೇ ಇಳಿಸಿಕೊಂಡವರ ಫೋನಿನಿಂದ ಹಿಂದೆ ಪಡೆಯಲಾಗುವುದಿಲ್ಲ, ಅವರಿಗೆ ಹೊಸ ಆವೃತ್ತಿಯನ್ನೇ ಕಳಿಸಬೇಕು. ಮರ ಹತ್ತಿದ ಮೇಲಿನ ಕಥೆಯೇ.

ಇಲ್ಲಿಯ ಕ್ರಮದಲ್ಲಿ ಎಲ್ಲವೂ ಚಂದ ಎಂದಲ್ಲ. ತಪ್ಪಾದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಗೆರೆ ಮೂಡುವ ಮೊದಲು ಮದುವೆಮನೆಯ ಊಟದ ಹಂತಿಯಲ್ಲಿ ಸುದ್ದಿಯಾಗುತ್ತದೆ. ಎಲೆಯ ಮುಂದೆ ಕೂತವನಿಗೆ ಸಾರು ಬಡಿಸುತ್ತಾ “ನಿನ್ನ ಆ್ಯಪ್ ಮೊನ್ನೆಯಿಂದ ತೆರೆಯುವುದೇ ಇಲ್ಲ” ಅನ್ನುತ್ತಾರೆ. ಹೊಸಬರು ಇದಕ್ಕೆ ಹೆದರುತ್ತಾರೆ. ಒಬ್ಬಳು ಹುಡುಗಿ ಅತ್ತೇ ಬಿಟ್ಟಿದ್ದಳು. ಆ ಹೊತ್ತಿನಲ್ಲಿ “ತಪ್ಪು ನನ್ನದು, ನಾನೇ ಬಿಡಲು ಹೇಳಿದ್ದು” ಎಂದು ಹಂತಿಯಲ್ಲೇ ಹೇಳುವುದು ತಂಡ ನಡೆಸುವವನ ಕೆಲಸ.

ಮೊನ್ನೆ ಮಾವ ಮತ್ತೆ ಬಂದರು. ಕಾಳುಮೆಣಸಿನ ಲೆಕ್ಕವೂ ಅದರಲ್ಲೇ ಬರಬೇಕಂತೆ. ಪತ್ತನಾಜೆಗೆ ಇನ್ನು ಮೂರು ವಾರ.

“ನೋಡುವ ಮಾವ” ಅಂದೆ.

ಅವರು ಜಗಲಿಯಿಂದ ಏಳಲಿಲ್ಲ. ಎಲೆಗೆ ಸುಣ್ಣ ಸವರುತ್ತಾ, “ಯಾವತ್ತು?” ಎಂದು ಕೇಳಿದರು.