ತಲೆಗೆ ನಾಲ್ಕು ಕಾಳು

ಬೆಂಗಳೂರಿನ ಸೂಪರ್ ಮಾರ್ಕೆಟ್ಟುಗಳ ಫ್ರಿಜ್ಜಿನಲ್ಲಿ 125 ಗ್ರಾಮಿನ ಪ್ಲಾಸ್ಟಿಕ್ ಡಬ್ಬಿಯಾಗಿ ಬ್ಲೂಬೆರಿ ಕೂತಿರುತ್ತದೆ. ಬೆಲೆ ನೋಡಿ ಏರುವ ಬಿಪಿಯನ್ನು ಆಮೇಲೆ ಅದೇ ಇಳಿಸಿಕೊಡುತ್ತದಂತೆ. ಮನೆಗೆ ಬಂದ ಮೇಲೆ ತೀರ್ಥದ ಹಾಗೆ ಹಂಚಿಕೆ: ಅಜ್ಜನ ಮರೆವಿಗೆ ನಾಲ್ಕು ಕಾಳು, ಮಗನ ಸಿಇಟಿಗೆ ನಾಲ್ಕು, ಸೊಸೆಯ ಮುಖಕಾಂತಿಗೆ ನಾಲ್ಕು. ಮಿಕ್ಕದ್ದು ಓಟ್ಸ್ ಮೇಲೆ, ಫೋಟೋಗೆ.

2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆಯಂಥವು ಜೊತೆಜೊತೆಗೆ ಏರಿರುವ ಸ್ಥಿತಿ) ಇದ್ದ 115 ಮಂದಿಯನ್ನು ಆರು ತಿಂಗಳು ಗಮನಿಸಿದರು. ದಿನಕ್ಕೆ 150 ಗ್ರಾಂ ಹಣ್ಣಿಗೆ ಸಮನಾದ ಪುಡಿ ತಿಂದವರ ರಕ್ತನಾಳಗಳು ಒಂದಿಷ್ಟು ಸುಧಾರಿಸಿದವು. 75 ಗ್ರಾಮಿನವರಿಗೆ ಆ ಲಾಭವಿಲ್ಲ. ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ನಿನ ಮಾತಿಗೆ ಮೈ ಸರಿಯಾಗಿ ಓಗೊಡದಿರುವುದು, ಬಗ್ಗಲಿಲ್ಲ, ಬಿಪಿಯೂ ಅಲುಗಲಿಲ್ಲ. ಖರ್ಚಿನಲ್ಲಿ ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯ ಪಾಲೂ ಇತ್ತು. ಅವರದೇ ದುಡ್ಡಿಗೂ ಹಣ್ಣು ಅಷ್ಟೇ ಕೆಲಸ ಮಾಡಿತು. ಆ 150 ಗ್ರಾಂ ಅಂದರೆ ತಲೆಗೊಂದು ಡಬ್ಬಿ, ಮೇಲೊಂದು ಹಿಡಿ, ದಿನವೂ. ನಾಲ್ಕು ಕಾಳಿನ ತೂಕ ಸಾಮಾನ್ಯವಾಗಿ ಹತ್ತು ಗ್ರಾಮೂ ಮುಟ್ಟದು.

ಜಾಹೀರಾತುಗಳಿಗೆ ಇಂಥ ತೂಕದ ಗೊಡವೆಯಿಲ್ಲ. ಅವುಗಳಿಗೆ ಓಆರ್‌ಎಸಿ ಅಂಕ ಸಾಕು. ಪ್ರಯೋಗಾಲಯದ ನಳಿಗೆಯಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಅಂಕ ಅದು. ಮನುಷ್ಯನ ಆರೋಗ್ಯಕ್ಕೂ ಅದಕ್ಕೂ ಸಂಬಂಧ ತೋರಿಸಲಾಗಿಲ್ಲ, ಕಂಪನಿಗಳು ದುರುಪಯೋಗ ಮಾಡಿಕೊಳ್ಳುತ್ತಿವೆ ಎಂದು ಅಮೆರಿಕದ ಕೃಷಿ ಇಲಾಖೆ ಆ ಪಟ್ಟಿಯನ್ನೇ 2012ರಲ್ಲಿ ತೆಗೆದುಹಾಕಿತು. ಪಟ್ಟಿ ಹೋಯಿತು, ಪೋಸ್ಟರ್ ಉಳಿಯಿತು. ಇನ್ನು ವಿಟಮಿನ್ ಸಿ: 100 ಗ್ರಾಂ ಬ್ಲೂಬೆರಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ, ಸೀಬೆಹಣ್ಣಿನಲ್ಲಿ ಇನ್ನೂರು ದಾಟುತ್ತದೆ. ಆದರೆ ಸೀಬೆಯನ್ನು ತಳ್ಳುಗಾಡಿಯಲ್ಲಿ ಉಪ್ಪುಖಾರ ಸವರಿ ಕೊಡುತ್ತಾರೆ. ಅದಕ್ಕೆಲ್ಲಿಯ ಸೂಪರ್‌ಫುಡ್ ಯೋಗ! ನೀಲಿ ಬಣ್ಣದ ಆಂಥೋಸಯನಿನ್ನೇ ಬೇಕೆಂದರೆ ನೇರಳೆಯಲ್ಲೂ ಇದೆ. ಪಾಪ, ಅದು ವಿಮಾನ ಹತ್ತಿಲ್ಲ.

ಕೊಂಡದ್ದಾಯಿತು, ಕೆಡಿಸದೆಯಾದರೂ ತಿನ್ನಬೇಕಲ್ಲ. ಕಾಳಿನ ಮೇಲಿನ ಬಿಳಿ ಪುಡಿ ಹಣ್ಣಿನದೇ ಮೇಣ, ಅದರ ರಕ್ಷಣೆಗೆ ಇರುವಂಥದ್ದು. ಕೀಟನಾಶಕವೆಂದು ಬಗೆದು ಉಪ್ಪು, ಅರಿಶಿನ, ವಿನೆಗರ್ ಹಾಕಿ ಉಜ್ಜಿ, ಒದ್ದೆಯಾಗಿಯೇ ಡಬ್ಬಿಗೆ ತುಂಬಿ, ಮೂರನೇ ದಿನ ಬೂಸ್ಟು ಬಂತೆಂದು ಅಂಗಡಿಯವನ ಮೇಲೆ ಹಾಯುವವರುಂಟು. ತಿನ್ನುವ ಮುಂಚೆಯಷ್ಟೇ ತೊಳೆಯಿರಿ. ಬೂಸ್ಟು ಹಿಡಿದ ಒಂದು ಕಾಳು ಕಂಡರೂ ತೆಗೆಯಿರಿ, ಪಕ್ಕದ್ದಕ್ಕೆ ಹಬ್ಬುತ್ತದೆ. ಹೆಚ್ಚು ದಿನ ಇಡಬೇಕೆಂದರೆ ತೇವವಿಲ್ಲದ ಹಣ್ಣನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ಮುದ್ದೆಗಟ್ಟದು. ಅಂಗಡಿಯ ಫ್ರೋಜನ್ ಹಣ್ಣೂ ಗುಣದಲ್ಲಿ ಕಡಿಮೆಯಲ್ಲ, ಫೋಟೋಗೆ ಮಾತ್ರ ಒದಗುವುದಿಲ್ಲ.

ಬ್ಲೂಬೆರಿ ಮಫಿನ್ ಕೊಳ್ಳುವವರು ಪೊಟ್ಟಣ ತಿರುಗಿಸಿ ನೋಡಲಿ. ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆಯುವುದು ಕಾನೂನು. ಮೈದಾ, ಸಕ್ಕರೆ, ಎಣ್ಣೆಗಳ ಮೆರವಣಿಗೆ ಮುಗಿದ ಮೇಲೂ ಹಣ್ಣು ಕಾಣದೆ ಬರೀ ‘ಫ್ಲೇವರ್’ ಕಂಡರೆ ನಿಮ್ಮ ನೆನಪಿನ ಶಕ್ತಿಗೆ ಹಣ್ಣಿನ ಹಂಗು ಬೇಡವೆಂದು ಕಂಪನಿ ತೀರ್ಮಾನಿಸಿದೆ ಎಂದೇ ಅರ್ಥ. ಮನೆಯಲ್ಲೇ ಮಾಡುವುದಾದರೆ ಫ್ರೋಜನ್ ಹಣ್ಣನ್ನು ಕರಗಿಸದೆ, ಕೊನೆಯಲ್ಲಿ ಹಗುರಾಗಿ ಬೆರೆಸಿ. ಅಡುಗೆಸೋಡ ಹೆಚ್ಚಾದರೆ ಆಂಥೋಸಯನಿನ್ ಬಣ್ಣ ತಿರುಗಿ ಹಣ್ಣಿನ ಸುತ್ತ ಕೇಕ್ ಹಸಿರಾಗುತ್ತದೆ. ಹಿಟ್ಟಿಗೆ ಮಜ್ಜಿಗೆಯ ಹುಳಿ ಇದ್ದರೆ ತಪ್ಪುತ್ತದೆ. ಆ ಹಸಿರು ಕೇಕಿಗೆ ‘ಡೀಟಾಕ್ಸ್’ ಎಂದು ಹೆಸರಿಟ್ಟು ದುಪ್ಪಟ್ಟು ದರಕ್ಕೆ ಮಾರುವ ಕೆಫೆ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಇಂದಿರಾನಗರದ ಕಡೆ ಒಮ್ಮೆ ವಿಚಾರಿಸಬೇಕು.